ಅಜ್ಜನವರ ಒದ್ದೆ ಧೋತರ

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಯಾವ ಹೊಳೆ ಅಂತ ಕೇಳಬೇಡಿ, ಹೆಸರಿನಿಂದ ನಮಗೇನೂ ಆಗಬೇಕಾದ್ದಿಲ್ಲ. ಚಳಿಗಾಲದಲ್ಲಿ ಅದರ ನೀರು ಮೈ ಕೊರೆಯುತ್ತಿತ್ತು ಎಂಬಷ್ಟು ಗೊತ್ತಿದ್ದರೆ ಸಾಕು.

ಮಠದಲ್ಲಿ ಒಬ್ಬರು ವಯಸ್ಸಾದ ಗುರುಗಳು. ಊರಿಗೆಲ್ಲ ಅವರು ಅಜ್ಜನವರು. ಜೊತೆಗೆ ಈರಯ್ಯ ಎಂಬ ಶಿಷ್ಯ.

ಆರೋಗ್ಯದ ಬಗ್ಗೆ ಅಜ್ಜನವರು ಒಂದು ದಿನವೂ ಪ್ರವಚನ ಮಾಡಿದವರಲ್ಲ. ಕೋಳಿ ಕೂಗುವ ಹೊತ್ತಿಗೆ ಏಳುವರು, ದಂಡೆಗುಂಟ ದೂರ ನಡೆಯುವರು, ಹೊಳೆಯಲ್ಲಿ ಮುಳುಗಿ ಬಂದು ಒದ್ದೆ ಧೋತರವನ್ನು ಅಂಗಳದ ಹಗ್ಗಕ್ಕೆ ಹರವುವರು. ಆಮೇಲೆ ಒಂದು ಬಟ್ಟಲು ನುಚ್ಚು, ಮಜ್ಜಿಗೆ. ವರ್ಷಗಟ್ಟಲೆ ಇಷ್ಟೇ.

ಮೊದಮೊದಲು ಊರವರು ನಕ್ಕರು. ಆಮೇಲೆ ಒಬ್ಬ ತಾನೂ ನಸುಕಿಗೆ ಎದ್ದು ಹೊಳೆಗೆ ಬಂದ. ಅವನನ್ನು ನೋಡಿ ಇನ್ನೊಬ್ಬ. ಕೊನೆಕೊನೆಗೆ, ಬಿಸಿಲು ಮುಖಕ್ಕೆ ಹೊಡೆದರೂ ಮಗ್ಗುಲು ಬದಲಿಸಿ ಮಲಗುತ್ತಿದ್ದ ರುದ್ರಗೌಡ ಕೂಡ ಎದ್ದು ಬರತೊಡಗಿದ. ಅವನ ಹೆಂಡತಿ ಆ ಸಂತೋಷಕ್ಕೆ ಮಠದಲ್ಲಿ ಕಾಯಿ ಒಡೆಸಿದಳಂತೆ.

ಮಠದ ಮುಂದೆ ಹಾಯುವಾಗ ಎಲ್ಲರ ಕಣ್ಣೂ ಮೊದಲು ಆ ಹಗ್ಗದ ಕಡೆಗೆ. ಕಾವಿ ಧೋತರ ನೀರು ತೊಟ್ಟಿಕ್ಕುತ್ತಿದ್ದರೆ, ಅಜ್ಜನವರದು ಮುಗಿಯಿತು, ಇನ್ನು ನಮ್ಮದು ಎಂದು ಹೊಳೆಗೆ ಇಳಿಯುವರು.

ಒಂದು ಚಳಿಗಾಲದ ಬೆಳಗ್ಗೆ ಅಜ್ಜನವರು ಏಳಲಿಲ್ಲ. ಈರಯ್ಯ ಹಣೆ ಮುಟ್ಟಿ ನೋಡಿದ.

"ಅಜ್ಜಾರ, ಮೈ ಕೆಂಡ ಆಗೇತ್ರಿ."

"ಹಂಗಾರ ಇವತ್ತ ಹೊಳಿ ಬ್ಯಾಡ. ಮಲಕ್ಕೋತೀನಿ."

"ಮಂದಿ ಕೇಳಿದ್ರ ಏನ ಹೇಳ್ಲಿ?"

"ಜ್ವರ ಬಂದಾವ, ಮಲಗ್ಯಾರ ಅಂತ ಹೇಳು. ಮತ್ತೇನ ಹೇಳಾಕ ಐತಿ?"

ಅಜ್ಜನವರು ಮಗ್ಗುಲಾದರು. ನಿದ್ದೆಯೂ ಬಂತು.

ಈರಯ್ಯನಿಗೆ ಮಾತ್ರ ಸಮಾಧಾನವಿಲ್ಲ. ಇಡೀ ಊರು ಏಳುವುದೇ ಈ ಒಬ್ಬರನ್ನು ನೋಡಿ. ಇವರೇ ಮಲಗಿದರೆಂದು ಗೊತ್ತಾದರೆ ನಾಳೆ ರುದ್ರಗೌಡ ಏಳುತ್ತಾನೆಯೇ? ನಾಡಿದ್ದು ಉಳಿದವರು?

ಅಜ್ಜನವರ ಧೋತರವೊಂದನ್ನು ಹಂಡೆಯ ನೀರಿನಲ್ಲಿ ಅದ್ದಿದ. ಅರೆಬರೆ ಹಿಂಡಿದ. ಹಗ್ಗಕ್ಕೆ ಹರವಿದ.

ಊರವರು ಬಂದರು, ಧೋತರ ನೋಡಿದರು, ಹೊಳೆಗೆ ಹೋದರು. ಈರಯ್ಯ ಉಸಿರು ಬಿಟ್ಟ.

ಎಲ್ಲರ ಹಿಂದೆ, ಗೋಡೆ ಹಿಡಿದುಕೊಂಡು ಕೆಮ್ಮುತ್ತ ಮುದುಕಿ ಫಕೀರವ್ವ ಬಂದಳು.

"ಏನವ್ವಾ ಇದು ಕೆಮ್ಮು? ಇವತ್ತೊಂದಿನ ಬಿಡಬೇಕಿತ್ತಿಲ್ಲ?" ಎಂದ ಈರಯ್ಯ.

"ಬಿಡೂಣು ಅಂತನ ಮಾಡಿದ್ದೆಪಾ. ರಾತ್ರೆಲ್ಲಾ ಥಂಡಿ, ಎದಿ ನೋವು. ಅಜ್ಜಾರೂ ಇವತ್ತ ಬಿಟ್ಟಾರೇನು, ನೋಡಿ ಹೋಗೂಣು ಅಂತ ಬಂದೆ." ಹಗ್ಗದ ಕಡೆ ಕೈ ತೋರಿಸಿದಳು. "ನನಗಿಂತ ಹಿರ್ಯಾರು ಅವರು. ಅವರ ಮುಳುಗಿ ಬಂದ ಮ್ಯಾಲೆ ನನಗೇನ ಧಾಡಿ?"

ಸೆರಗು ಬಿಗಿದುಕೊಂಡು ಹೊಳೆಯ ಕಡೆ ಹೊರಟಳು.

ಈರಯ್ಯ ಆಕೆಯ ಹಿಂದೆ ಎರಡು ಹೆಜ್ಜೆ ಇಟ್ಟ. ನಿಜ ಹೇಳಿದರೆ ಊರಿನ ಮುಂದೆ ಮಾನ ಹೋಗುತ್ತದೆ. ಹೇಳದಿದ್ದರೆ ಈ ಮುದುಕಿ ಆ ನೀರಿಗೆ ಇಳಿಯುತ್ತಾಳೆ. ತಿರುಗಿ ಒಳಗೆ ಓಡಿದ, ಅಜ್ಜನವರನ್ನು ಅಲುಗಾಡಿಸಿ ಎಬ್ಬಿಸಿದ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

ಅಜ್ಜನವರು ಬಯ್ಯಲಿಲ್ಲ. "ಕಂಬಳಿ ಕೊಡು" ಎಂದರು.

"ಹೊರಗ ಗಾಳಿ ಭಾಳ ಐತ್ರಿ, ಅಜ್ಜಾರ."

"ಆಕೀಗೇನ ಕಡಿಮಿ ಐತೇನು?"

ಕಂಬಳಿ ಹೊದ್ದು, ಶಿಷ್ಯನ ಹೆಗಲು ಹಿಡಿದು ಹೊಳೆಯ ಮೆಟ್ಟಿಲಿಗೆ ಬಂದರು. ಫಕೀರವ್ವನ ಒಂದು ಕಾಲು ಆಗಲೇ ನೀರಿನಲ್ಲಿತ್ತು.

"ಫಕೀರವ್ವಾ, ಮ್ಯಾಲೆ ಬಾ. ನನಗ ಜ್ವರ ಬಂದಾವ. ಒಬ್ಬನ ಕುಂತ ಕಷಾಯ ಕುಡ್ಯಾಕ ಬ್ಯಾಸರ."

ಆಕೆ ಗಾಬರಿಯಾದಳು. "ಜ್ವರದಾಗ ಜಳಕಾ ಮಾಡಿದ್ರೇನ್ರಿ?"

"ಇಲ್ಲವ್ವ."

"ಮತ್ತ ಆ ಧೋತರ?"

"ಅದೊಂದ ಜಳಕಾ ಮಾಡೇತಿ. ನಾ ಇನ್ನೂ ಮುಖಾನೂ ತೊಳದಿಲ್ಲ."

ನೀರಿನಲ್ಲಿದ್ದವರೆಲ್ಲ ನಕ್ಕರು. ಈರಯ್ಯ ತನ್ನ ಕಾಲಿನ ಹೆಬ್ಬೆರಳು ನೋಡುತ್ತ ನಿಂತ.

ಇದೇ ಸಮಯ ಎಂದು ರುದ್ರಗೌಡ ಮೊಣಕಾಲುದ್ದದ ನೀರಿನಿಂದ ಮೆಲ್ಲಗೆ ಮೇಲೆ ಬಂದ. "ಅಜ್ಜಾರ, ನನಗೂ ಯಾಕೋ ನೆಗಡಿ ಹತ್ತಿದಂಗ ಆಗೇತ್ರಿ."

ಅಜ್ಜನವರು ಅವನ ಮುಖ ನೋಡಿದರು. "ನಿನಗ ಹತ್ತಿದ್ದು ನೆಗಡಿ ಅಲ್ಲ ಗೌಡಾ, ನಿದ್ದಿ. ಹೋಗಿ ಮುಳುಗು."

ಈರಯ್ಯ ಶುಂಠಿ ಕುದಿಸಿ ತಂದ. ಅಜ್ಜನವರೂ ಫಕೀರವ್ವನೂ ಮಠದ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕೂತು ಕುಡಿದರು. ಆಕೆ ಲೋಟ ಕೆಳಗಿಟ್ಟು, ಸಣ್ಣ ಹುಡುಗಿಯಂತೆ ಕೇಳಿದಳು:

"ಹಂಗಾರ ನಾನೂ ಹೋಗಿ ಹೊಚಗೊಂಡ ಮಲಗ್ಲೇನ್ರಿ?"

"ಹೋಗವ್ವ. ಮೈ ಹಗರಾದ ಮ್ಯಾಲೆ ಬಾ."

ಆಕೆ ಮನೆಯ ದಾರಿ ಹಿಡಿದಳು. ಈರಯ್ಯ ಲೋಟ ಎತ್ತಿಕೊಳ್ಳುತ್ತ ದನಿ ತಗ್ಗಿಸಿದ.

"ತಪ್ಪಾತ್ರಿ. ನಿಮ್ಮನ್ನ ನೋಡಿ ನಡಿಯೋ ಮಂದಿ. ನೀವು ಮಲಗಿದ್ದು ಅವರ ಕಣ್ಣಿಗೆ ಬೀಳಬಾರದು ಅಂತ ಹಂಗ ಮಾಡಿದೆ."

ಅಜ್ಜನವರು ಆ ಕಟ್ಟೆಯ ಮೇಲೆಯೇ ಕಾಲು ಚಾಚಿ ಮಲಗಿ, ಕಂಬಳಿ ಎಳೆದುಕೊಂಡರು. ಹೊಳೆಯಿಂದ ಮರಳುವವರೆಲ್ಲ ಹಾಯಬೇಕಾದ್ದು ಅದರ ಮುಂದೆಯೇ.

"ಇಲ್ಲೇ ಮಲಗ್ತೀರೇನ್ರಿ? ಎಲ್ಲಾರೂ ನೋಡ್ತಾರ್ರಿ."

ಅಜ್ಜನವರು ಕಣ್ಣು ಮುಚ್ಚಿಕೊಂಡೇ ಅಂದರು:

"ಏಳೂದನ್ನ ನನ್ನ ನೋಡಿ ಕಲತ್ರು, ತಮ್ಮಾ. ಮಲಗೂದನ್ನ ಯಾರನ್ನ ನೋಡಿ ಕಲೀಬೇಕು?"