ಬಿರುಕುಬಂಡೆಯ ತಾರಾಭಗವತಿ: ಗಂಟೆಯಿಲ್ಲದ ಗುಡಿಯ ಮಹಿಮೆ

ತಥಾಗತನ ಧರ್ಮವು ಕುಂತಲದೇಶದ ಗಿರಿಗುಹೆಗಳಲ್ಲಿ ಪ್ರಜ್ವಲಿಸುತ್ತಿದ್ದ ಪ್ರಾಚೀನಕಾಲದಲ್ಲಿ, ಕಡಲತೀರದಿಂದ ಘಟ್ಟವೇರುವ ಉಪ್ಪಿನ ಹಾದಿಯ ನಡುವೆ, ಈಗ ಭಕ್ತರು ನಿಂತಿರುವ ಇದೇ ತಾಣದಲ್ಲಿ, ಶೀಲಗುಪ್ತನೆಂಬ ಭಿಕ್ಷುವು ತಾರಾಭಗವತಿಯನ್ನು ಪ್ರತಿಷ್ಠಿಸಿ ಮೈತ್ರೀಧ್ಯಾನನಿರತನಾಗಿದ್ದನು. ಸುತ್ತಮುತ್ತ ನೀರೆಂದರೆ ಅವನ ಗುಹೆಯ ಮುಂದಣ ಚಿಲುಮೆಯೊಂದೇ.

ಆ ಹಾದಿಯಲ್ಲಿ ಎತ್ತುಗಳ ಮೇಲೆ ಉಪ್ಪು ಹೇರುತ್ತಿದ್ದ ಬಮ್ಮಿಸೆಟ್ಟಿ, ಸೋವಿಸೆಟ್ಟಿಯರು ಮೊದಲು ಒಂದೇ ಎಲೆಯಲ್ಲಿ ಉಂಡವರು. ಬೇರೆಯಾದ ಮೇಲೆ ಸಂತೆಯ ಜನ ಸೋವಿಸೆಟ್ಟಿಯ ದಾರಿ ಕಾಯತೊಡಗಿದರು. ಬಮ್ಮಿಸೆಟ್ಟಿಯ ಉಪ್ಪೂ ಅದೇ ಕಡಲಿನದು, ಅಷ್ಟೇ ಬಿಳುಪು, ಆದರೂ ಕೇಳುವವರಿಲ್ಲ. ತನ್ನ ನಷ್ಟವನ್ನು ವರ್ತಕನು ತಾಳಿಯಾನು, ಪಕ್ಕದವನ ಲಾಭವನ್ನು ತಾಳುವುದು ಕಷ್ಟ. ಮತ್ಸರಾಗ್ನಿದಗ್ಧನಾಗಿ, ಅನ್ನ ಸೇರದೆ, ಅವನು ಭಿಕ್ಷುವಿನಲ್ಲಿ ಪರಿಹಾರ ಬೇಡಿದನು.

“ಮೊದಲು ನಿನಗೆ ಒಳಿತು ಹಾರೈಸು, ಆಮೇಲೆ ನಿನ್ನವರಿಗೆ, ಆಮೇಲೆ ದಾರಿಹೋಕರಿಗೆ, ಕಡೆಗೆ ಸೋವಿಸೆಟ್ಟಿಗೆ.”

“ಕಡೆಯವನನ್ನು ಬಿಟ್ಟು ಉಳಿದವರಿಗೆ ಎರಡರಷ್ಟು ಹಾರೈಸುತ್ತೇನೆ, ಆಗದೇ ಸ್ವಾಮಿ?”

“ಉಪ್ಪಿಲ್ಲದ ಸಾರನ್ನು ಎರಡು ಸೌಟು ಬಡಿಸಿದರೆ ರುಚಿ ಬಂದೀತೇ ಸೆಟ್ಟಿ? ಕಿಚ್ಚು ಎದ್ದಾಗ ಓಡಿಸಬೇಡ. ಅದು ಎಲ್ಲಿ ಸುಡುತ್ತದೆಯೋ ನೋಡುತ್ತ ಕೂರು.”

ಸೆಟ್ಟಿ ಕೂತ. ಮೂರು ಹಾರೈಕೆಗಳು ಸಲೀಸಾಗಿ ಬಂದವು. ನಾಲ್ಕನೆಯದು ಬರಲೊಲ್ಲದು. ಅಷ್ಟರಲ್ಲಿ ಕಣಿವೆಯ ಕೆಳಗಿನಿಂದ ಸೋವಿಸೆಟ್ಟಿಯ ಎತ್ತುಗಳ ಗಂಟೆ ಕೇಳಿಸಿತು. ಭಿಕ್ಷುವು ಭಿಕ್ಷಾಟನೆಗೆ ಹೋಗಿದ್ದ ಸಮಯ ನೋಡಿ, ಬಮ್ಮಿಸೆಟ್ಟಿಯು ತನ್ನ ಆಳುಗಳಿಂದ ಚಿಲುಮೆಯ ಮೇಲೆ ಹಾಸುಬಂಡೆ ಎಳೆಸಿ, ಅದರ ಮೇಲೆಯೇ ಪದ್ಮಾಸನಸ್ಥನಾಗಿ ಕಣ್ಣುಮುಚ್ಚಿದನು. ಎತ್ತುಗಳು ಬಾಯಾರಿ ಬಿದ್ದರೆ ಸಂತೆ ತನ್ನದಾಗುವುದೆಂದು ಅವನ ಎಣಿಕೆ.

ಉರಿಬಿಸಿಲಿನಲ್ಲಿ ಸೋವಿಸೆಟ್ಟಿ ಬಂದನು. ಅವನ ಆಳು, “ಒಡೆಯಾ, ನೀರು ಇವರ ಕೆಳಗೇ ಇದೆ. ಎಬ್ಬಿಸಲೇ?” ಎಂದ.

“ಬೇಡವೋ. ಬಮ್ಮಣ್ಣ ಧ್ಯಾನದಲ್ಲಿದ್ದಾನೆ, ಕಾಯೋಣ. ಎತ್ತುಗಳ ಗಂಟೆ ಬಿಚ್ಚಿರಿ, ಅವನಿಗೆ ಸದ್ದಾದೀತು.”

ಗಂಟೆಗಳು ನಿಂತವು. ಬಮ್ಮಿಸೆಟ್ಟಿಯ ತಲೆಯ ಮೇಲೆ ಕೊಡೆಯ ನೆರಳು ಬಿತ್ತು. ಆ ನೆರಳು ಬಿಸಿಲಿಗಿಂತ ಹೆಚ್ಚು ಸುಟ್ಟಿತು. ಈಗ ಎದ್ದರೆ ಕಪಟ ಬಯಲು, ಎದ್ದು ಓಡಲೂ ದಾರಿಯಿಲ್ಲ. ವಿಧಿಯಿಲ್ಲದೆ ಸೆಟ್ಟಿಯು ಮೊದಲ ಸಲ ಆ ಕಿಚ್ಚನ್ನೇ ನೋಡಿದನು. ಅದರ ಬುಡದಲ್ಲಿ ಸೋವಿಸೆಟ್ಟಿ ಇರಲಿಲ್ಲ. ತನ್ನ ದಾರಿ ಕಾಯುವವರು ಲೋಕದಲ್ಲಿ ಯಾರೂ ಇಲ್ಲವೆಂಬ ಹೆದರಿಕೆಯಿತ್ತು. ಕಾಯುತ್ತಿದ್ದವನೋ, ಎದುರಿಗೇ ಕೊಡೆ ಹಿಡಿದು ನಿಂತಿದ್ದನು.

ಎತ್ತೊಂದು ಮೊಣಕಾಲೂರಿದ ಸದ್ದಾಯಿತು. “ಸೋವಣ್ಣಾ, ನಿನ್ನ ಎತ್ತು ಬದುಕಲಿ! ನೀರು ಮುಚ್ಚಿದವನು ನಾನೇ ಕಣೋ!” ಎಂದು ಬಮ್ಮಿಸೆಟ್ಟಿ ಕೂಗಿದೊಡನೆ, ಬಂಡೆಯು ಸೀಳಿ ಜಲಧಾರೆ ಚಿಮ್ಮಿತು. ಗುಹಾಂತರಾಳದಿಂದ ಭಗವತಿಯ ವಾಣಿ ಮೊಳಗಿತು:

“ಕಿಚ್ಚು ಆರಿತೆಂದು ಬೀಗಬೇಡ ಮಗು, ಅದು ಮತ್ತೆ ಬರುವುದು. ಬಂದಾಗಲೆಲ್ಲ ಇಲ್ಲಿ ಬಂದು ಕೂರು.”

ಬಮ್ಮಿಸೆಟ್ಟಿಯು ಬಾಳಿನುದ್ದಕ್ಕೂ ಬರುತ್ತಲೇ ಇದ್ದನು.

ಆ ಬಿರುಕು ಇಂದಿಗೂ ಕಾಣುವುದು, ನೀರು ಬೇಸಗೆಯಲ್ಲೂ ಬತ್ತದು. ಈ ಗುಡಿಗೆ ಗಂಟೆ ಕಟ್ಟುವ ಪದ್ಧತಿಯಿಲ್ಲ. ಭಕ್ತಾದಿಗಳು ಮೊದಲ ಬೊಗಸೆ ನೀರನ್ನು, ಯಾರ ಏಳಿಗೆ ಕಂಡರೆ ತಮ್ಮ ಹೊಟ್ಟೆ ಉರಿಯುವುದೋ ಅವರ ಹೆಸರನ್ನು ಬಾಯಿಬಿಟ್ಟು ಹೇಳಿ ಬಂಡೆಗೆರೆದು, ಬಳಿಕ ತಾವು ಕುಡಿಯತಕ್ಕದ್ದು. ಅಂಥವರು ತಮಗೆ ಯಾರೂ ಇಲ್ಲವೆನ್ನುವವರು ಇನ್ನೂ ಸ್ವಲ್ಪ ಹೊತ್ತು ಕೂರುವುದು ಲೇಸು.