ಕೌದಿ ತುಂಬಿದ ಪೆಟ್ಟಿಗೆ

ಹೊಳೆಯ ಮೇಲೆ ಮಂಜು ಇನ್ನೂ ಮಲಗಿತ್ತು. ದ್ಯಾಮವ್ವ ತಾನೇ ಹಲಗೆ ಕೊಯ್ದು ಮಾಡಿದ ಸ್ಪೀಕರ್ ಪೆಟ್ಟಿಗೆಯನ್ನೂ ಟೇಪ್ ರೆಕಾರ್ಡರನ್ನೂ ಹೊತ್ತು ತಂದು ಆಶ್ರಮದ ಕಟ್ಟೆಯ ಮೇಲೆ, ಗುರು ಸಂಗಯ್ಯಜ್ಜನವರ ಮುಂದೆ ಇಟ್ಟಳು.

ಅವಳ ತಾಯಿ ತೀರಿಕೊಂಡು ವರ್ಷವಾಗಿತ್ತು. ಉಳಿದದ್ದು ಆಕೆಯ ಹಳೆ ಸೀರೆಗಳ ತುಂಡು ಸೇರಿಸಿ ಹೊಲಿದ ಒಂದು ಕೌದಿ, ಒಂದು ಟೇಪು. ಟೇಪಿನಲ್ಲಿದ್ದದ್ದು ತಾಯಿಯ ಇಷ್ಟೇ ಮಾತು: “ದ್ಯಾಮೀ, ಉಣ್ಣಾಕ ಬಾ.”

ಆ ದನಿ ಈಚೆಗೆ ನೆನಪಿನಿಂದ ಜಾರತೊಡಗಿತ್ತು. ಅದೇ ಅವಳ ಭಯ.

“ಖಾಲಿ ಪೆಟ್ಟಿಗ್ಯಾಗ ಅವ್ವ ಬಾವ್ಯಾಗಿಂದ ಕೂಗಿದಂಗ ಕೇಳತಿತ್ರೀ ಅಜ್ಜಾರ. ಅದಕ್ಕ ಒಳಗ ಅರಿವಿ-ಬಟ್ಟಿ ತುರುಕಿದೆ. ಈಗ ಬಾವೀನೂ ಹೋತು, ಅವ್ವನೂ ಹೋದ್ಲು.”

ಅವಳು ಟೇಪು ಹಚ್ಚಿದಳು. ಅಜ್ಜ ಕಿವಿಗೊಟ್ಟರು. ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಮಾತಾಡಿದಂತಿತ್ತು.

“ಎಷ್ಟು ತುರುಕೀಯವ್ವಾ?”

“ಪೂರಾ ಕೌದಿ. ಹರದು ತುಂಬೀನ್ರೀ.”

“ಪೂರಾ?”

“ಯಾವ ತುಂಡು ಹೊರಗ ಬಿಡಲಿ? ಎಲ್ಲಾ ಆಕೀದ ಅಲ್ರೀ?”

ಅಜ್ಜ ನಕ್ಕರು. “ಪಾಪ, ಉಸಿರಾಡಾಕ ಆಕಿಗೆ ಜಾಗಾನ ಇಟ್ಟಿಲ್ಲಲ್ಲ ನೀನು!”

ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ ಕೈ ಹಾಕಿದರು. ದ್ಯಾಮವ್ವ ಅವರ ಮುಂಗೈ ಹಿಡಿದಳು.

“ಬ್ಯಾಡ್ರೀ!”

“ಹಂಗಾದ್ರ ನೀನ ತಗಿ. ನೋಡು, ಸ್ಪೀಕರು ಮುಂದಕ್ಕೂ ಮಾತಾಡತೈತಿ, ಹಿಂದಕ್ಕೂ ಮಾತಾಡತೈತಿ. ಹಿಂದಿನ ಮಾತು ಹಲಗಿಗೆ ಬಡದು ತಿರುಗಿ ಬಂದು ಮುಂದಿನದನ್ನ ಕಲಕತೈತಿ. ಅದನ್ನ ಹೀರಾಕ ಅರಿವಿ ಬೇಕು. ಹೆಚ್ಚಾತೋ, ಅರಿವಿ ಎಲ್ಲಾನೂ ನುಂಗತೈತಿ.”

“ಹಂಗಾರ ಎಷ್ಟಿರಬೇಕ್ರೀ?”

“ನನ್ನ ಕೇಳಬ್ಯಾಡ. ಮಗಳು ನೀನು.”

ಅವಳು ಹಸಿರು ಅಂಚಿನ ತುಂಡೊಂದನ್ನು ಹೊರಗೆಳೆದು, ಹಲಗೆ ಮುಚ್ಚಿ ಮತ್ತೆ ಟೇಪು ಹಚ್ಚಿದಳು. ತಾಯಿ ಆಚೆ ದಂಡೆಯಿಂದ ಕರೆದಂತಿತ್ತು.

ಇನ್ನೊಂದು ತುಂಡು ತೆಗೆದಳು. ತಾಯಿ ಮಂಜಿನೊಳಗೆ, ಹೊಳೆಯ ನಡುವೆ ನಿಂತಿದ್ದಳು.

ಮತ್ತೊಂದು. ತಾಯಿ ಒದ್ದೆ ಕಾಲಿನಲ್ಲಿ ಈಚೆ ಮರಳು ತುಳಿಯುತ್ತಿದ್ದಳು.

ಆಸೆ ತಡೆಯದೆ ಹಿಡಿ ತುಂಬ ಎಳೆದಳು. ಗುಂಯ್ ಎಂದು ಬಾವಿ ಮತ್ತೆ ಬಾಯಿ ತೆರೆಯಿತು. ಅಷ್ಟನ್ನೂ ತಿರುಗಿ ಒಳಗಿಟ್ಟಳು. ಸ್ವಲ್ಪ ಸಡಿಲಿಸಿ ಹರವಿದಳು.

“ದ್ಯಾಮೀ, ಉಣ್ಣಾಕ ಬಾ.”

ಬೆನ್ನ ಹಿಂದೆಯೇ ಇತ್ತು ದನಿ. ಹೆಸರು ಹಿಡಿದು ಕರೆಯುವ ಮೊದಲು ತಾಯಿ ಎಳೆದುಕೊಂಡ ಉಸಿರೂ ಕೇಳಿಸಿತು.

ದ್ಯಾಮವ್ವ ಅವಸರದಲ್ಲಿ ಟೇಪು ಹಿಂದಕ್ಕೆ ಸುತ್ತಿದಳು.

“ಇನ್ನೊಂದೀಟು ಸರಿಸಿ ನೋಡತೀನ್ರೀ ಅಜ್ಜಾರ. ಇನ್ನೂ ಹತ್ತಿರ ಬರಬಹುದು.”

ಅಜ್ಜ ಅವಳ ಕೈಯನ್ನು ಪೆಟ್ಟಿಗೆಯಿಂದ ಮೆಲ್ಲಗೆ ಸರಿಸಿದರು.

“ಮುಂಜಾನಿಯಿಂದ ಕರ್ಯಾಕತ್ತಾಳ. ಒಮ್ಮೆಯರ ಓ ಅನ್ನವ್ವಾ.”