ಸಣ್ಣೀರಮ್ಮ ವಾಪಸ್ ತಗೊಳ್ಳದ ಒಳಲೆ

ನಮ್ಮಜ್ಜಿಯ ಅಜ್ಜಿ ಹುಟ್ಟುವುದಕ್ಕೂ ಮುಂಚೆ, ಕೆರೆ ಕೆಳಗಿನ ಒಂದೂರಿನಲ್ಲಿ ಸಣ್ಣೀರಮ್ಮ ಅಂತ ಒಬ್ಬ ಕುಂಬಾರಗಿತ್ತಿ ಇದ್ದಳಂತೆ. ಗಂಡ ತಿಗರಿಯ ಮೇಲೆ ಗಡಿಗೆ ಎತ್ತಿದರೆ, ಇವಳು ಬೆರಳಲ್ಲೇ ಒಳಲೆ ತಿದ್ದುತ್ತಿದ್ದಳಂತೆ. ಒಳಲೆ ಗೊತ್ತಲ್ಲ, ಎಳೆಕೂಸಿಗೆ ಹಾಲು ಹಾಕುವ ಕೊಕ್ಕಿನ ಬಟ್ಟಲು. ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳ ಒಳಲೆ ಹೋಗಲೇಬೇಕು. ಮಾತು ಮಾತ್ರ ಬಲು ಖಾರ. ಅವಳ ಹತ್ತಿರ ಬೈಸಿಕೊಳ್ಳದವರು ಅಂದರೆ ಆ ಊರಲ್ಲಿ ಇನ್ನೂ ಹುಟ್ಟದವರು ಮಾತ್ರ ಅಂತೆ.

ಒಂದು ದಿನ ಕೆಂಚಕ್ಕ ಅನ್ನುವ ನೆರೆಯವಳು ಒಳಲೆಯನ್ನು ಸೆರಗಿನಲ್ಲಿ ಸುತ್ತಿ ತಂದು ಅವಳ ಮುಂದಿಟ್ಟಳಂತೆ. ಸೊಸೆ ಹೊನ್ನಿ ಹೆತ್ತು ಇನ್ನೂ ವಾರ ತುಂಬಿರಲಿಲ್ಲ. ಕೂಸಿನ ಅಂಗುಳ ಸೀಳಿದೆ, ಮೊಲೆ ಚೀಪಲಾರದು, ಹಾಲು ಹಾಕಿದರೆ ಮೂಗಲ್ಲಿ ಬರುತ್ತದೆ. ಬಸುರಿಯಲ್ಲಿ ಗ್ರಹಣದ ಹೊತ್ತಿಗೆ ಸೊಸೆ ಕುಂಬಳಕಾಯಿ ಹೆಚ್ಚಿದ್ದಕ್ಕೇ ಹೀಗಾಯಿತು ಅನ್ನುವುದು ಅತ್ತೆಯ ಮಾತು.

“ಇದು ನಮ್ಮನೇಲಿ ಇನ್ಯಾಕವ್ವ, ತಗೋ,” ಅಂದು ಕೆಂಚಕ್ಕ ಕಣ್ಣೊರೆಸಿಕೊಂಡಳು.

ಸಣ್ಣೀರಮ್ಮ ಅದನ್ನು ಮುಟ್ಟಲಿಲ್ಲ. ಒಳಲೆ ವಾಪಸ್ ಬಂತು ಅಂದರೆ ಕೂಸನ್ನು ಕೈಬಿಟ್ಟರು ಅಂತಲೇ.

“ಉಸಿರಾಡ್ತೈತಾ?”

“ಆಡ್ತೈತೆ.”

“ಹಂಗಾದ್ರೆ ನಡಿಯಕ್ಕ, ಇಲ್ಯಾಕೆ ಅಳ್ತಾ ನಿಂತಿದ್ದೀಯ!”

ಹೋದವಳೇ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಎಲ್ಲರೂ ಹಾಕುವ ಹಾಗೆಯೇ ಹಾಲು ಹಾಕಿದಳಂತೆ. ಹಾಲು ಮೂಗಿಗೆ ನುಗ್ಗಿ ಕೂಸು ನೀಲಿಗಟ್ಟಿತು. ಹೊನ್ನಿ ಚೀರಿಕೊಂಡಳು. ಬೋರಲು ಹಾಕಿ ಬೆನ್ನು ತಟ್ಟಿದ ಮೇಲೆ ಉಸಿರು ಬಂತು. ಸಣ್ಣೀರಮ್ಮನ ಅಂಥ ಬಾಯಿಯೂ ಅವತ್ತು ಕಟ್ಟಿಹೋಯಿತಂತೆ.

ಒಂದು ಗುಟುಕು ನೀರಾದರೂ ಕುಡಿಯೋಣವೆಂದು ಮನೆಗೆ ಬಂದಳು. ಕುಂಬಾರರ ಮನೆಯಲ್ಲಿ ಒಳ್ಳೆಯ ಗಡಿಗೆ ಎಲ್ಲಿರುತ್ತದೆ? ಒಳ್ಳೆಯದೆಲ್ಲ ಮಾರುವುದಕ್ಕೆ. ಅವಳ ನೀರಿನ ಗಡಿಗೆಯ ಕಂಠದಲ್ಲಿ ಬಿರುಕು. ಬಗ್ಗಿಸಿದಾಗ ಬಿರುಕಿನಲ್ಲಿ ನೀರು ಸೋರಿತು, ನೆಟ್ಟಗೆ ನಿಲ್ಲಿಸಿದಾಗ ತೊಟ್ಟೂ ಸೋರಲಿಲ್ಲ. ಅದನ್ನೇ ನೋಡುತ್ತಾ ನಿಂತವಳು, ಚೆಂಬನ್ನು ಅಲ್ಲೇ ಬಿಸಾಕಿ ಓಡಿದಳಂತೆ.

“ಹೊನ್ನೀ, ಕೂಸನ್ನ ಕೂರಿಸ್ಕಳೇ! ಮಲಗಿಸ್ಬ್ಯಾಡ!”

ಕೂಸನ್ನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಕತ್ತಿಗೆ ಕೈ ಕೊಟ್ಟು, ಒಳಲೆಯ ಕೊಕ್ಕನ್ನು ಕೆನ್ನೆಯ ಪಕ್ಕಕ್ಕಿಟ್ಟು ಒಂದು ತೊಟ್ಟು ಬಿಟ್ಟಳಂತೆ. ಕಾದಳು. ಗುಟುಕ್ ಅಂತು. ಇನ್ನೊಂದು ತೊಟ್ಟು. ಒಂದಿಷ್ಟು ಮೂಗಿಗೆ ಬಂತು, ಒರೆಸಿ, ಬೆನ್ನು ಸವರಿ, ಮತ್ತೆ. ಬಟ್ಟಲು ಖಾಲಿಯಾಗುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತಂತೆ. ಕೂಸು ಹೊಟ್ಟೆ ತುಂಬಿ ನಿದ್ದೆ ಹೋಯಿತು. ಹೊನ್ನಿ ಆಗ ಅತ್ತಳಂತೆ, ಅಲ್ಲಿಯತನಕ ಅತ್ತೇ ಇಲ್ಲ ಅನ್ನುವ ಹಾಗೆ. ಕೆಂಚಕ್ಕ ಮತ್ತೆ ಗ್ರಹಣದ ಮಾತೆತ್ತಿದ್ದಕ್ಕೆ ಸಣ್ಣೀರಮ್ಮನಿಗೆ ಹಳೇ ಬಾಯಿ ಬಂತು.

“ನನ್ ಗಡಿಗೆ ಬಿರುಕು ಬಿಟ್ಟಾಗ ಯಾವ ಗ್ರಹಣ ಇತ್ತಕ್ಕ?”

ಸಣ್ಣೀರಮ್ಮ ಸವರಿದರೆ ಸೀಳೇ ಕೂಡಿಕೊಳ್ಳುತ್ತಿತ್ತು ಅಂತಲೂ ಹೇಳುವವರಿದ್ದಾರೆ. ಹೇಳುವವರನ್ನು ಯಾರು ತಡೆಯುತ್ತಾರೆ? ಕೂಡಿಕೊಳ್ಳಲಿಲ್ಲ. ಆ ಹೆಣ್ಣುಕೂಸು ಬೆಳೆದು ದೊಡ್ಡದಾದ ಮೇಲೂ ಮಾತೆಲ್ಲ ಮೂಗಿನಲ್ಲೇ ಬರುತ್ತಿತ್ತಂತೆ. ‘ಅಮ್ಮ’ ಅನ್ನುವುದು ಮಾತ್ರ ಎಲ್ಲರ ಹಾಗೇ ಸ್ಪಷ್ಟ. ಅದನ್ನು ಮತ್ತೆ ಮತ್ತೆ ಕೇಳುವುದಕ್ಕೇ ಹೊನ್ನಿ ಸುಮ್ಮಸುಮ್ಮನೆ ಓಗೊಡದೆ ಕೂರುತ್ತಿದ್ದಳಂತೆ.

ಈಗಲೂ ಆ ಕಡೆ ಕೂಸಿಗೆ ಮೊದಲ ಒಳಲೆ ಹಾಲನ್ನು ಕೂರಿಸಿಯೇ ಹಾಕುತ್ತಾರೆ. ಅಲ್ಲಿನ ಕುಂಬಾರರು ಗಡಿಗೆ, ಹಣತೆ, ಏನು ವಾಪಸ್ ತಂದರೂ ಗೊಣಗಿಕೊಂಡಾದರೂ ತೆಗೆದುಕೊಳ್ಳುತ್ತಾರೆ. ಒಳಲೆ ತಂದರೆ ಮಾತ್ರ ಕೈ ಚಾಚುವುದಿಲ್ಲ. “ಉಸಿರಾಡ್ತೈತಾ?” ಅಂತ ಕೇಳಿ, ಕೈಯ ಮಣ್ಣನ್ನೂ ತೊಳೆಯದೆ ಅವರ ಹಿಂದೆಯೇ ಹೊರಡುತ್ತಾರೆ.